ಕೈಗೆ ಗಾಯ, ಕಂಕುಳಲ್ಲಿ ಗಂಟು

ತೋಟ ನೋಡಿಕೊಳ್ಳೋಕೆ ಬೆಂಗಳೂರು ಬಿಟ್ಟು ಬಂದಿದ್ದೀಯ, ಸಂತೋಷ ಕಣಪ್ಪ. ತಿಪಟೂರಿನಿಂದ ತಂದಿಟ್ಟಿರೋ ಆ ‘ಇಮ್ಯುನಿಟಿ’ ಡಬ್ಬಿ ಯಾಕೆ ಅಂತ ಮಾತ್ರ ನನಗೆ ತಿಳೀಲಿಲ್ಲ. ಕಾಯಿ ಸುಲಿಯುವಾಗ ಕಬ್ಬಿಣ ತಾಗಿ ಅಂಗೈ ಸೀಳಿದ್ದಕ್ಕೆ ಅರಿಶಿನ ಮೆತ್ತಿ, ಧನುರ್ವಾಯು ಇಂಜೆಕ್ಷನ್ ಬೇಡ ಅಂದೆಯಂತೆ. ಅದಕ್ಕೇ ಈ ಮಾತು.

ಆ ಗಾಯದೊಳಗೆ ಏನು ನಡೆದಿದೆ ಅಂತ ಕೇಳು. ಚರ್ಮದಡಿ ಕಾಯಂ ವಾಸವಿರೋ ಮ್ಯಾಕ್ರೊಫೇಜ್ ಅನ್ನೋ ಕಣಗಳು ಮೊದಲು ಎಚ್ಚೆತ್ತು ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತವೆ. ರಕ್ತನಾಳ ಹಿಗ್ಗುತ್ತೆ, ಗಾಯದ ಸುತ್ತ ಕೆಂಪಾಗಿ ಬಿಸಿಯಾಗಿ ಊದೋದು ಅದಕ್ಕೇ. ಗಂಟೆಗಳೊಳಗೆ ನ್ಯೂಟ್ರೊಫಿಲ್‌ಗಳು ನುಗ್ಗಿ ಬಂದು, ರೋಗಾಣು ನುಂಗಿ ತಾವೂ ಸಾಯುತ್ತವೆ. ಕೀವು ಅಂತ ಹೇಸಿಕೊಳ್ತೀವಲ್ಲ, ಅದರಲ್ಲಿ ಬಹುಪಾಲು ಅವುಗಳ ಹೆಣವೇ. ಡೆಂಡ್ರಿಟಿಕ್ ಅನ್ನೋ ಇನ್ನೊಂದು ಜಾತಿ ರೋಗಾಣುವಿನ ಚೂರು ಹೊತ್ತು ಕಂಕುಳಿನ ದುಗ್ಧಗ್ರಂಥಿಗೆ ಹೊರಡುತ್ತೆ. ಕೈಗೆ ಗಾಯವಾದರೆ ಕಂಕುಳಲ್ಲಿ ಗಂಟು ಸಿಗೋದು ಅಲ್ಲಿನ ಗಡಿಬಿಡಿಯಿಂದ. ಆ ಚೂರಿಗೆ ಹೊಂದುವ ಟಿ ಕಣ ಸಿಗಬೇಕು, ಅದು ಬಿ ಕಣಕ್ಕೆ ಒಪ್ಪಿಗೆ ಕೊಡಬೇಕು. ಆಮೇಲೆ ಒಳ್ಳೆಯ ಪ್ರತಿಕಾಯ. ಮೊದಲ ಸಲಕ್ಕೆ ವಾರ, ಹತ್ತು ದಿನ ಹಿಡಿಯುತ್ತೆ. ಎಚ್‌ಐವಿ ಮುಖ್ಯವಾಗಿ ಕೆಡಿಸೋದು ಈ ಸಹಾಯಕ ಟಿ ಕಣಗಳನ್ನ. ಅದೊಂದು ಕೊಂಡಿ ಕಳಚಿದರೆ ಉಳಿದವು ಇದ್ದೂ ಇಲ್ಲದ ಹಾಗೆ.

ಈಗ ಧನುರ್ವಾಯುವಿಗೆ ಬರ್ತೀನಿ. ಅದರ ಬೀಜಾಣು ಮಣ್ಣಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತೆ. ತೆಂಗಿನ ಬುಡಕ್ಕೆ ನಾವು ಹಾಕೋದೇ ಕೊಟ್ಟಿಗೆ ಗೊಬ್ಬರ! ಆ ರೋಗಾಣುವಿನ ವಿಷ ಎಷ್ಟು ಉಗ್ರ ಅಂದರೆ, ಪ್ರಾಣ ತೆಗೆಯೋಕೆ ಸಾಕಾಗೋವಷ್ಟು ವಿಷ ನಮ್ಮ ಕಣಗಳಿಗೆ ಪಾಠ ಕಲಿಸೋಕೆ ಸಾಲಲ್ಲ. ಧನುರ್ವಾಯು ಬಂದು ಬದುಕುಳಿದವನಿಗೂ ಲಸಿಕೆ ಹಾಕಬೇಕಾಗೋದು ಅದರಿಂದಲೇ. ಲಸಿಕೆಯಲ್ಲಿರೋದು ಕೇಡು ಮಾಡದ ಹಾಗೆ ಪಳಗಿಸಿದ ಅದೇ ವಿಷ. ಅದನ್ನ ನೋಡಿ ನೆನಪಿಟ್ಟುಕೊಂಡ ಕಣಗಳು ಮುಂದಿನ ಸಲ ವಾರಗಟ್ಟಲೆ ಕಾಯಲ್ಲ. ಆದರೆ ಆ ನೆನಪು ಮಾಸುತ್ತೆ. ಸರ್ಕಾರಿ ಲೆಕ್ಕದಲ್ಲಿ ಮಕ್ಕಳಿಗೆ 10 ಮತ್ತು 16ನೇ ವಯಸ್ಸಿಗೆ ಟಿಡಿ ಅನ್ನೋ ಈ ಲಸಿಕೆ ಹಾಕ್ತಾರೆ. ಆಮೇಲೆ 10 ವರ್ಷಕ್ಕೊಮ್ಮೆ ಬೇಕು, ಮಣ್ಣು ಸೇರಿದ ಆಳದ ಗಾಯಕ್ಕೆ 5 ವರ್ಷ ಕಳೆದಿದ್ದರೂ ಬೇಕು. ನೀನು ಕೊನೇ ಸಲ ಹಾಕಿಸಿಕೊಂಡಿದ್ದು ಹೈಸ್ಕೂಲಲ್ಲೇ ಇರಬೇಕು.

ಡಬ್ಬಿ ಮೇಲೆ ಕೊಬ್ಬರಿ ಎಣ್ಣೆಯ ಗುಣಗಾನ ಬರೆದಿದ್ದಾರೆ ಅಂದೆ. ತೆಂಗನ್ನೇ ನಂಬಿ ಬದುಕಿರೋ ನಾನು ಹೀಗನ್ನಬಾರದೇನೋ. ಆ ಎಣ್ಣೆಯಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ ಇದೆ, ಪ್ರಯೋಗಾಲಯದ ಗಾಜಿನಲ್ಲಿ ಕೆಲವು ರೋಗಾಣು ಕೊಲ್ಲುತ್ತೆ, ನಿಜ. ಹಾಗಂತ ದಿನಾ ಎರಡು ಚಮಚ ಕುಡಿದರೆ ಕಣಗಳು ಚುರುಕಾಗ್ತವೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಬರೀ ಜೋರು ಮಾಡೋದೂ ಒಳ್ಳೇದಲ್ಲಪ್ಪ: ರುಮಟಾಯ್ಡ್ ಕೀಲುವಾತದಲ್ಲಿ ಇದೇ ಕಣಗಳು ದಿಕ್ಕು ತಪ್ಪಿ ಸ್ವಂತ ಕೀಲನ್ನೇ ತಿನ್ನುತ್ತವೆ.

ಮುದ್ದೆ ಜೊತೆಗೆ ಹುರುಳಿ, ಅವರೆ, ಸೊಪ್ಪು ಇರಲಿ, ರಾತ್ರಿ ಮೊಬೈಲ್ ಬಿಟ್ಟು ಮಲಗು, ಬೀಡಿ ಬಿಡು. ಗಾಯ ಸೋಪು ನೀರಲ್ಲಿ ತೊಳೆದು, ಇವತ್ತೇ ಆಸ್ಪತ್ರೆಗೆ ಹೋಗಿ ಟಿಡಿ ಹಾಕಿಸ್ಕೊ. ನಿಮ್ಮಪ್ಪನನ್ನೂ ಕರ್ಕೊಂಡು ಹೋಗು. ರಕ್ತದಲ್ಲಿ ಸಕ್ಕರೆ ಏರಿದರೆ ನ್ಯೂಟ್ರೊಫಿಲ್‌ಗಳು ಮಂಕಾಗ್ತವೆ. ಅವನ ಕಾಲಿನ ಹುಣ್ಣು ತಿಂಗಳಿಂದ ಮಾಗಿಲ್ಲ, ನೋಡಿದ್ದೀಯಲ್ಲ.