*ಇಂದಿನ ಧಮ್ಮ ಚಿಂತನೆ: ಸೂಜಿ ಮತ್ತು ದಾರ*

ಅಂಗಿಯ ಗುಂಡಿ ಕಿತ್ತುಹೋದರೆ ಈಗ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಅಂಗಿ ಬೀರುವಿನ ಮೂಲೆ ಸೇರುತ್ತದೆ, ಇಲ್ಲವೇ ಟೈಲರ್ ಅಂಗಡಿಗೆ ಹೋಗುತ್ತದೆ. ಸೂಜಿ ಮನೆಯಲ್ಲೇ ಇರುತ್ತದೆ, ಆದರೆ ದಾರ ಪೋಣಿಸಿ ಗಂಟು ಹಾಕಲು ಮಕ್ಕಳಿಗೆ ಬರುವುದಿಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದ ಅಜ್ಜಿಯರ ಕೈಗಳ ಜೊತೆಗೆ ಆ ವಿದ್ಯೆಯೂ ಹೋಗುತ್ತಿದೆ.

ಹೋದರೆ ಹೋಗಲಿ ಬಿಡಿ ಎನ್ನುವವರಿದ್ದಾರೆ. ಅವರ ಮಾತಿನ ಹಿಂದೆ ನೋವಿದೆ. ತೇಪೆಯ ಬಟ್ಟೆ ನಮಗೆ ಬಡತನದ ಗುರುತು ಮಾತ್ರ ಆಗಿರಲಿಲ್ಲ, ಜಾತಿಯ ಗುರುತೂ ಆಗಿತ್ತು. ಚಂಡಾಲರು ಹೆಣದ ಮೇಲಿನ ಬಟ್ಟೆಯನ್ನೇ ಉಡಬೇಕೆಂದು ಮನುಸ್ಮೃತಿಯ 10ನೇ ಅಧ್ಯಾಯ ವಿಧಿಸಿದೆ. ಇದನ್ನು ಮರೆತು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾವು ಹೇಳಲಾಗದು.

*ಭಗವಾನರು ಮಾಡಿದ್ದೇನು?*

ಸ್ಮಶಾನದಲ್ಲಿ, ತಿಪ್ಪೆಯಲ್ಲಿ ಬಿದ್ದಿದ್ದ ಚಿಂದಿಯನ್ನೇ ಭಿಕ್ಖುಗಳು ಆಯ್ದು, ಒಗೆದು, ಕತ್ತರಿಸಿ, ಹೊಲಿದು, ಬಣ್ಣ ಹಾಕಿ ಚೀವರ ಮಾಡಿಕೊಂಡರು. ಅದಕ್ಕೆ ಪಂಸುಕೂಲ ಎಂದು ಹೆಸರು. ಮನು ಯಾವ ಬಟ್ಟೆಯನ್ನು ಅವಮಾನವಾಗಿ ಹೇರಿದನೋ ಅದನ್ನೇ ಸಂಘದಲ್ಲಿ ಶಾಕ್ಯ ರಾಜಕುಮಾರರೂ ಕ್ಷೌರಿಕ ಉಪಾಲಿಯೂ ಸಮಾನವಾಗಿ ಗೌರವದಿಂದ ಧರಿಸಬಹುದಿತ್ತು. ಅದೂ ಒತ್ತಾಯದಿಂದಲ್ಲ. ವೈದ್ಯ ಜೀವಕ ಕೇಳಿಕೊಂಡ ಮೇಲೆ, ಬೇಕಾದವರು ಗೃಹಸ್ಥರು ಕೊಟ್ಟ ಬಟ್ಟೆ ತೊಡಲಿ, ಬೇಕಾದವರು ಪಂಸುಕೂಲ ತೊಡಲಿ ಎಂದು ಭಗವಾನರು ಅನುಮತಿಸಿದರು.

ಭಿಕ್ಖುವಿನ ಅಷ್ಟ ಪರಿಷ್ಕಾರಗಳಲ್ಲಿ ಸೂಜಿಯೂ ಒಂದು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಚೀವರವನ್ನು ಹೀಗೆ ಮಾಡಬಲ್ಲೆಯಾ ಎಂದು ಭಗವಾನರು ಆನಂದರನ್ನು ಕೇಳಿದರು. ಆನಂದರು ತುಂಡುಗಳನ್ನು ಆ ಮಾದರಿಯಲ್ಲೇ ಜೋಡಿಸಿ ತಂದಾಗ ಅವರನ್ನು ಜಾಣರೆಂದು ಹೊಗಳಿದರು. ಅನುರುದ್ಧರಿಗೆ ಚೀವರ ಹೊಲಿಯುವಾಗ ಮಹಾಕಸ್ಸಪ, ಸಾರಿಪುತ್ತ, ಆನಂದರು ಒಟ್ಟಿಗೆ ಕುಳಿತರು, ಸ್ವತಃ ಭಗವಾನರೇ ಸೂಜಿಗೆ ದಾರ ಪೋಣಿಸಿದರು ಎಂದು ಧಮ್ಮಪದದ ಅಟ್ಠಕಥೆ ಹೇಳುತ್ತದೆ.

ಕೋಸಂಬಿಯಲ್ಲಿ ರಾಜ ಉದೇನನ ರಾಣಿವಾಸದವರು ಆನಂದರಿಗೆ 500 ಚೀವರ ದಾನ ಮಾಡಿದರು. ಇಷ್ಟೊಂದು ಏಕೆ ಎಂದು ರಾಜ ಕೇಳಿದ. ಚೀವರ ಸವೆದ ಭಿಕ್ಖುಗಳಿಗೆ ಹಂಚುತ್ತೇವೆ ಎಂದರು ಆನಂದರು. ಸವೆದದ್ದು ಹೊದಿಕೆಯಾಗುತ್ತದೆ, ಆಮೇಲೆ ಹಾಸಿಗೆಯ ಗವಸು, ನೆಲಹಾಸು, ಕಾಲೊರೆಸು, ಧೂಳೊರೆಸುವ ಬಟ್ಟೆ. ಕೊನೆಗೆ ಅದನ್ನು ಚೂರು ಮಾಡಿ ಮಣ್ಣಿಗೆ ಬೆರೆಸಿ ನೆಲ ಸಾರಿಸುತ್ತೇವೆ. ರಾಜ ಮೆಚ್ಚಿ ಇನ್ನೂ 500 ಕೊಟ್ಟ.

*ಬಾಬಾಸಾಹೇಬರ ಮಾತು*

1927ರ ಡಿಸೆಂಬರ್‌ನಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟ ಆ ಸಮಾವೇಶದಲ್ಲೇ ಬಾಬಾಸಾಹೇಬರು ಮಹಿಳೆಯರನ್ನು ಉದ್ದೇಶಿಸಿ ಮಾತಾಡಿದರು. ಸವರ್ಣ ಹೆಂಗಸರಂತೆಯೇ ಉಡಿ, ಉಡುಪು ನಿಮ್ಮ ಆಯ್ಕೆ, ಅದನ್ನು ಯಾರೂ ತಡೆಯಲಾರರು ಎಂದರು. ಬಟ್ಟೆಗೆ ತೇಪೆ ಇದ್ದರೂ ಚಿಂತೆಯಿಲ್ಲ, ಶುಚಿಯಾಗಿರಲಿ ಎಂದೂ ಹೇಳಿದರು. ಅಂದರೆ ಅವಮಾನ ಇದ್ದದ್ದು ತೇಪೆಯಲ್ಲಲ್ಲ, ಹೇರಿಕೆಯಲ್ಲಿ.

ಹಾಗಾಗಿ ಮರೆಯಾಗುವ ಎಲ್ಲ ಕೆಲಸಗಳಿಗೂ ಮರುಗಬೇಕಿಲ್ಲ. ಸತ್ತ ದನ ಎಳೆಯುವುದು, ಮಲ ಹೊರುವುದು ಹೋಗಲೇಬೇಕು. ಜಾತಿ ಎಂಬುದು ಕೆಲಸದ ವಿಭಜನೆ ಮಾತ್ರವಲ್ಲ, ಕೆಲಸಗಾರರ ವಿಭಜನೆ ಎಂದು 1936ರಲ್ಲೇ ಅವರು ತೋರಿಸಿಕೊಟ್ಟರು. ಯಾವುದೇ ಕೆಲಸವನ್ನು ಎರಡು ಪ್ರಶ್ನೆಗಳಿಂದ ಅಳೆಯೋಣ: ಇದನ್ನು ಬಿಡುವ ಸ್ವಾತಂತ್ರ್ಯ ನನಗಿದೆಯೇ? ಇದನ್ನು ಎಲ್ಲರೂ ಮಾಡುತ್ತಾರೆಯೇ, ಇಲ್ಲ ಒಬ್ಬರ ತಲೆಗೇ ಕಟ್ಟಲಾಗಿದೆಯೇ?

ಎರಡನೆಯ ಪ್ರಶ್ನೆ ನಮ್ಮ ಮನೆಯೊಳಗೂ ಬರುತ್ತದೆ. ಹೊಲಿಗೆಯನ್ನು ನಾವು ಅಮ್ಮಂದಿರಿಗೆ, ಅಕ್ಕತಂಗಿಯರಿಗೆ ಬಿಟ್ಟಿದ್ದೇವೆ. ಸೂಜಿ ಹಿಡಿದ ಮಹಾಥೇರರು ಗಂಡಸರೇ ಆಗಿದ್ದರು ಎಂಬುದನ್ನು ನೆನೆಯೋಣ.

ಪಾಲಿಯಲ್ಲಿ ಕುಸಲ ಎಂದರೆ ಒಳ್ಳೆಯದು, ನಿಪುಣವಾದದ್ದು ಎಂಬ ಎರಡೂ ಅರ್ಥಗಳಿವೆ. ಗುಂಡಿ ಹೊಲಿಯುವಾಗ ಮನಸ್ಸು ಬೇರೆಡೆ ಹೋದರೆ ಸೂಜಿ ಬೆರಳಿಗೆ ಚುಚ್ಚುತ್ತದೆ. ಎಚ್ಚರ, ತಾಳ್ಮೆ, ಇದ್ದದ್ದನ್ನು ಕಾಪಾಡಿಕೊಳ್ಳುವ ಬುದ್ಧಿ, ಇವೆಲ್ಲ ಆ ಪುಟ್ಟ ಕೆಲಸದಲ್ಲಿವೆ.

*ಇಂದಿನ ಅಭ್ಯಾಸ:* ಮನೆಯಲ್ಲಿ ಗುಂಡಿ ಕಿತ್ತ ಅಥವಾ ಹೊಲಿಗೆ ಬಿಚ್ಚಿದ ಒಂದು ಬಟ್ಟೆ ಹುಡುಕಿ. ಮಗ, ಮಗಳು ಇಬ್ಬರನ್ನೂ ಕೂರಿಸಿಕೊಂಡು ನೀವೇ ಹೊಲಿಯಿರಿ. ನಿಮಗೆ ಬಾರದಿದ್ದರೆ ಮನೆಯ ಹಿರಿಯರಿಂದ ಕಲಿಯಿರಿ. ಹೊಲಿಯುತ್ತಾ ಅವರ ಕೌದಿಯ ಕಥೆ ಕೇಳಿ, ಮಹಾಡದ ಕಥೆಯನ್ನು ಮಕ್ಕಳಿಗೆ ಹೇಳಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ 🙏 ಜೈಭೀಮ್