ಬೆಂಗಳೂರಿನ ಆಟ ನಮ್ಮ ಮನೆಗೆ ಬಂದದ್ದು ಹೇಗೆ?



ಹೊಸೂರಿಂದ ಬೆಂಗಳೂರು ಸುಮಾರು 40 ಕಿಲೋಮೀಟರ್. ಹೂವು ಮಾರೋಕೆ, ಕಟ್ಟಡದ ಕೆಲಸಕ್ಕೆ, ಆಸ್ಪತ್ರೆಗೆ ಅಂತ ನಾವು ಹೋಗಿ ಬರುತ್ತಲೇ ಇರುತ್ತೇವೆ. ಆದರೆ ಆ ಊರನ್ನು ನಿಂತು ನೋಡೋಕೆ ಪುರುಸೊತ್ತು ಸಿಗೋದಿಲ್ಲ. ಇವತ್ತು ಓದುತ್ತಾ ನೋಡೋಣ ಬನ್ನಿ.

ಆಟ

ಕಬ್ಬನ್ ಪಾರ್ಕ್ ಪಕ್ಕದಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ ಇದೆ. 1974ರಿಂದ ಅಲ್ಲಿ ದೊಡ್ಡ ಕ್ರಿಕೆಟ್ ಪಂದ್ಯಗಳು ನಡೆದಿವೆ. ಅಲ್ಲಿ ಹೊಡೆದ ಸಿಕ್ಸರ್ ನಮ್ಮ ಮನೆಯ ಟಿ.ವಿ.ಯಲ್ಲಿ ಕಾಣುತ್ತೆ. ಹೇಗೆ?

ಮೈದಾನದ ಸುತ್ತ ಹಲವು ಕ್ಯಾಮೆರಾಗಳು ಇರುತ್ತವೆ. ಎಲ್ಲ ಚಿತ್ರಗಳೂ ಒಂದು ಕಡೆ ಸೇರುತ್ತವೆ. ಯಾವ ಚಿತ್ರ ತೋರಿಸಬೇಕು ಅಂತ ಒಬ್ಬರು ಆರಿಸುತ್ತಾರೆ. ಅದಕ್ಕೆ ಮಾತು ಸೇರುತ್ತೆ. ಈಗ ಕನ್ನಡದಲ್ಲೂ ಆಟದ ವಿವರಣೆ ಬರುತ್ತೆ. ಆ ಚಿತ್ರವನ್ನು ಆಕಾಶದ ಉಪಗ್ರಹಕ್ಕೆ ಕಳಿಸುತ್ತಾರೆ. ಉಪಗ್ರಹ ಅದನ್ನು ಕೆಳಕ್ಕೆ ಕಳಿಸುತ್ತೆ. ಮನೆ ಮೇಲಿನ ಡಿಶ್ ಅದನ್ನು ಹಿಡಿಯುತ್ತೆ.

ಉಪಗ್ರಹ

ಈ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇರುತ್ತೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅದೂ ಸುತ್ತುತ್ತೆ. ಬೀಸೋ ಕಲ್ಲನ್ನು ನೆನೆಯಿರಿ. ಕಲ್ಲಿನ ಜೊತೆಗೇ ಅದರ ಗೂಟವೂ ಸುತ್ತುತ್ತೆ. ಕಲ್ಲಿನ ಮೇಲೆ ಕೂತ ಇರುವೆಗೆ ಗೂಟ ನಿಂತ ಹಾಗೇ ಕಾಣುತ್ತೆ. ಉಪಗ್ರಹವೂ ನಮಗೆ ಹಾಗೇ. ಅದಕ್ಕೇ ಡಿಶ್ಶನ್ನು ದಿನಾ ತಿರುಗಿಸಬೇಕಿಲ್ಲ.

ಇಂಥ ಉಪಗ್ರಹ ತಯಾರಾಗೋದು ಎಲ್ಲಿ? ಅದೇ ಬೆಂಗಳೂರಿನಲ್ಲಿ! ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ. ಪೀಣ್ಯದ ಶೆಡ್ಡುಗಳಲ್ಲಿ ಅದನ್ನು ಕಟ್ಟಿದರು. ಉಡುಪಿ ಕಡೆಯ ಯು.ಆರ್. ರಾವ್ ಆ ತಂಡದ ಮುಖ್ಯಸ್ಥರು. ಅದರ ತೂಕ ಸುಮಾರು 360 ಕಿಲೋ. 1975ರ ಏಪ್ರಿಲ್ 19ರಂದು ರಷ್ಯಾದಿಂದ ಅದು ಮೇಲೆ ಹೋಯಿತು. 2015ರಲ್ಲಿ ಹಾರಿಸಿದ ಜಿಸ್ಯಾಟ್-15ರ ತೂಕ 3,000 ಕಿಲೋಗೂ ಹೆಚ್ಚು. ದೂರದರ್ಶನದ ಉಚಿತ ಡಿಶ್‌ಗೆ ಚಿತ್ರ ಬರೋದು ಅದರಿಂದ. ಚಂದನ ವಾಹಿನಿಯೂ ಅದರಲ್ಲೇ ಬರುತ್ತೆ. ಉಪಗ್ರಹಕ್ಕೆ ಅತ್ತಿಬೆಲೆಯ ಗಡಿ ಗೊತ್ತಿಲ್ಲ. ಹೊಸೂರಿನ ಮನೆಗೂ ಅದು ಕನ್ನಡ ತರುತ್ತೆ.

ನೋಡುವ ಜಾಗಗಳು

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಹೂವು ಮಾರುತ್ತಾರೆ. ಒಮ್ಮೆ ಮೊಮ್ಮಗನನ್ನು ನೆಹರು ತಾರಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಗುಮ್ಮಟದ ಒಳಗೆ ನಕ್ಷತ್ರ ತೋರಿಸುತ್ತಾರೆ. ಇಂಗ್ಲಿಷ್ ಪ್ರದರ್ಶನಕ್ಕೆ ಕೂತುಬಿಟ್ಟರು. ಒಂದು ಮಾತೂ ತಿಳಿಯಲಿಲ್ಲ. ಮುಂದಿನ ವರ್ಷ ಮತ್ತೆ ಹೋದರು. ಆಗ ಅವರಿಗೆ ಓದು ಬಂದಿತ್ತು. ಟಿಕೆಟ್ ಕಿಟಕಿಯ ಬೋರ್ಡಿನಲ್ಲಿ “ಕನ್ನಡ” ಅಂತ ಹುಡುಕಿ, ಎದುರಿಗಿದ್ದ ಹೊತ್ತು ಓದಿ, ಆ ಪ್ರದರ್ಶನಕ್ಕೇ ಟಿಕೆಟ್ ತೆಗೆದುಕೊಂಡರು. “ಮೊಮ್ಮಗನಿಗೆ ನಾನೇ ಹೇಳಿಕೊಟ್ಟೆ ಮೇಡಂ” ಅಂದರು.

ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯ ಇದೆ. ಅಲ್ಲಿ ಯಂತ್ರಗಳನ್ನೂ, ಬಾಹ್ಯಾಕಾಶದ ವಿಷಯಗಳನ್ನೂ ನೋಡಬಹುದು. 2025ರ ಆಗಸ್ಟ್‌ನಿಂದ ಬೊಮ್ಮಸಂದ್ರದಿಂದ ಮೆಟ್ರೋ ರೈಲು ಓಡುತ್ತಿದೆ. ಆರ್.ವಿ. ರಸ್ತೆಯಲ್ಲಿ ಒಮ್ಮೆ, ಮೆಜೆಸ್ಟಿಕ್‌ನಲ್ಲಿ ಒಮ್ಮೆ ರೈಲು ಬದಲಿಸಿ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಬೋರ್ಡುಗಳು ಕನ್ನಡದಲ್ಲಿವೆ. ಅವಸರ ಬೇಡ, ನಿಂತು ಓದಿ.

ಒಂದು ಎಚ್ಚರಿಕೆ

2025ರ ಜೂನ್ 3ರಂದು ಬೆಂಗಳೂರಿನ ಆರ್.ಸಿ.ಬಿ. ತಂಡ ಮೊದಲ ಸಲ ಐ.ಪಿ.ಎಲ್. ಕಪ್ ಗೆದ್ದಿತು. ಆಟ ನಡೆದದ್ದು ಅಹಮದಾಬಾದಿನಲ್ಲಿ. ಮರುದಿನ ತಂಡವನ್ನು ನೋಡೋಕೆ ಚಿನ್ನಸ್ವಾಮಿ ಕ್ರೀಡಾಂಗಣದ ಮುಂದೆ ಜನಸಾಗರ ಸೇರಿತು. ಗೇಟುಗಳ ಹತ್ತಿರ ನೂಕುನುಗ್ಗಲಾಯಿತು. 11 ಜನ ಪ್ರಾಣ ಬಿಟ್ಟರು.

ಸಂತೋಷಕ್ಕೆ ಹೋದವರು ಮನೆಗೆ ಬರಲಿಲ್ಲ. ಅವರು ತಪ್ಪು ಮಾಡಿದವರಲ್ಲ. ಆದರೆ ನಾವು ಕಲಿಯೋದು ಇದೆ. ಯಾರೋ ಹೇಳಿದರು, ಮೊಬೈಲಿಗೆ ಸುದ್ದಿ ಬಂತು ಅಂತ ಹೊರಡಬೇಡಿ. ಟಿಕೆಟ್ ಬೇಕೋ ಬೇಡವೋ, ಯಾವ ಗೇಟು, ಎಷ್ಟು ಹೊತ್ತಿಗೆ ಅಂತ ಓದಿ ತಿಳಿದುಕೊಳ್ಳಿ. ಜನ ಒತ್ತಾಗುವ ಮೊದಲೇ ಪಕ್ಕಕ್ಕೆ ಸರಿಯಿರಿ. ಮಕ್ಕಳನ್ನು ಅಂಥ ಜಾಗಕ್ಕೆ ಒಯ್ಯಬೇಡಿ. ಆಟವನ್ನು ಉಪಗ್ರಹ ಮನೆಗೇ ತರುತ್ತೆ. ಹೋದ ಜೀವವನ್ನು ಯಾರೂ ತರಲಾರರು.

ಹೊಸ ಪದಗಳು

ಕ್ರೀಡಾಂಗಣ – ಆಟದ ಮೈದಾನ, ಸ್ಟೇಡಿಯಂ
ಉಪಗ್ರಹ – ಭೂಮಿಯನ್ನು ಸುತ್ತುವ ಯಂತ್ರ, ಸ್ಯಾಟಲೈಟ್
ತಾರಾಲಯ – ನಕ್ಷತ್ರ ತೋರಿಸುವ ಮನೆ

ಉತ್ತರ ಬರೆಯಿರಿ

1. ನಮ್ಮ ದೇಶದ ಮೊದಲ ಉಪಗ್ರಹ ಯಾವುದು? ಅದನ್ನು ಎಲ್ಲಿ ಕಟ್ಟಿದರು?
2. ಡಿಶ್ಶನ್ನು ದಿನಾ ತಿರುಗಿಸಬೇಕಿಲ್ಲ. ಏಕೆ?
3. ಜನ ಸೇರುವ ಜಾಗಕ್ಕೆ ಹೊರಡುವ ಮೊದಲು ಏನೇನು ಓದಿ ತಿಳಿಯಬೇಕು?
4. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಐದು ಬೋರ್ಡು ಓದಿ. ಅವನ್ನು ಬರೆದುಕೊಂಡು ಬನ್ನಿ. ತರಗತಿಯಲ್ಲಿ ಎಲ್ಲರೂ ಸೇರಿ ಓದೋಣ.