ಮುಟ್ಟು ನಿಂತಿದೆ, ಆದರೂ ಪರೀಕ್ಷೆ ಬೇಕು

ಸಮಸ್ಯೆ: ಹುಣಸೂರು ತಾಲ್ಲೂಕು ವೀರನಹೊಸಹಳ್ಳಿಯ ಓದುಗರೊಬ್ಬರಿಗೆ ಹೆರಿಗೆಯಾಗಿ ಏಳು ತಿಂಗಳು. ಮಗು ಎದೆಹಾಲು ಕುಡಿಯುತ್ತಿದೆ. ಒಮ್ಮೆ ಮುಟ್ಟಾಗಿ, ಎರಡು ತಿಂಗಳಿಂದ ಮತ್ತೆ ಆಗಿಲ್ಲ.

ಸ್ತ್ರೀರೋಗ ತಜ್ಞರ ಉತ್ತರ: ಹಾಲೂಡಿಸುವ ತಾಯಂದಿರಲ್ಲಿ ಈ ಏರುಪೇರು ಸಾಮಾನ್ಯ. ಪ್ರೊಲ್ಯಾಕ್ಟಿನ್ ಹಾರ್ಮೋನು ಅಂಡ ಬಿಡುಗಡೆಯನ್ನು ತಡೆಯುತ್ತದೆ. ಆದರೆ ಬಸಿರು ನಿಲ್ಲದೆಂದು ನಂಬಿ ಕೂರಬೇಡಿ. ನಿಮಗೆ ಒಮ್ಮೆ ಮುಟ್ಟಾಗಿದೆ, ಮಗುವಿಗೆ ಆರು ತಿಂಗಳೂ ದಾಟಿದೆ; ಹಾಗಾಗಿ ಹಾಲೂಡಿಕೆಯೊಂದನ್ನೇ ನೆಚ್ಚುವಂತಿಲ್ಲ. ಆಶಾ ಕಾರ್ಯಕರ್ತೆಯಿಂದ ಬಸಿರು ಪರೀಕ್ಷೆಯ ಕಿಟ್ ಪಡೆದು ಬೆಳಗಿನ ಮೊದಲ ಮೂತ್ರವನ್ನು ಪರೀಕ್ಷಿಸಿಕೊಳ್ಳಿ.

ಗರ್ಭನಿರೋಧಕಗಳಾದ ‘ಅಂತರ’ ಚುಚ್ಚುಮದ್ದು, ‘ಛಾಯಾ’ ಮಾತ್ರೆಯಿಂದಲೂ ಮುಟ್ಟು ತಡವಾಗಬಹುದು. ಬಸಿರಿಲ್ಲವಾದರೆ ಹುಣಸೂರಿನ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ. ಮುಂದೆ ಬಸಿರು ತಡೆಯಲು ಕಾಪರ್-ಟಿ ಹಾಕಿಸಿದರೆ ಹಾಲು ಕಡಿಮೆಯಾಗುವುದಿಲ್ಲ. ಮುಟ್ಟು ಬರಲೆಂದು ಮಗುವಿಗೆ ಹಾಲು ಬಿಡಿಸಲೇಬೇಡಿ.

ರಕ್ತಸ್ರಾವ ಹೆಚ್ಚಾಗಿ ಗಂಟೆಗೊಂದು ಪ್ಯಾಡ್ ನೆನೆದರೆ, ತಲೆಸುತ್ತು ಬಂದರೆ 108ಕ್ಕೆ ಕರೆ ಮಾಡಿ. ಬೆಳಗಾಗಲೆಂದು ಕಾಯಬೇಡಿ.